ಅಕ್ಕನ ಮೊಳ

ಸಂತೆಕಲ್ಲೂರು
16 ಅಕ್ಟೋಬರ್ 1988

ತಮ್ಮ ಅಂಬಪ್ಪನಿಗೆ ಅಕ್ಕ ಆದೆಮ್ಮ ಬರೆಯುವುದು.

ನಾವು ಆರಾಮ ಇದ್ದೇವೆ, ನಿನ್ನ ಮಾವನ ಮೊಣಕಾಲು ನೋವೊಂದು ಬಿಟ್ಟು. ಅದು ಕೆಲಸ ಹೇಳಿದಾಗ ಮಾತ್ರ ಬರುತ್ತದೆ, ನಿನಗೆ ಗೊತ್ತೇ ಇದೆ.

ಸುದ್ದಿ ಏನೆಂದರೆ ನಮ್ಮ ಅಂಗನವಾಡಿಗೆ ಸ್ವಂತ ಕೋಣೆ ಮಂಜೂರಾಗಿದೆ! ಲಿಂಗಸೂಗೂರಿನ ಕಚೇರಿಯಲ್ಲಿ ಕಾಗದ ನಾನೇ ಕಣ್ಣಾರೆ ನೋಡಿ ಬಂದೆ. ಆರು ವರ್ಷ ಗುಡಿಯ ಕಟ್ಟೆಯ ಮೇಲೆ ಇಪ್ಪತ್ಮೂರು ಮಕ್ಕಳನ್ನು ಕೂಡಿಸಿಕೊಂಡು ಮಳೆ ಬಂದರೆ ಎದ್ದೆ, ಭಜನೆ ಬಂದರೆ ಎದ್ದೆ. ಇನ್ನು ಏಳುವ ಕೆಲಸವಿಲ್ಲ. ಜಾಗ ಕೊಡುತ್ತೇವೆಂದು ನಾನೇ ಬಾಯಿ ಹಾಕಿದೆ. ಅವ್ವ ನಮ್ಮಿಬ್ಬರ ಹೆಸರಿಗೆ ಬಿಟ್ಟು ಹೋದ ಹಿತ್ತಲ ಬಯಲು. ನಿನ್ನನ್ನು ಕೇಳದೆ ಹೇಳಿದ್ದು ತಪ್ಪು, ಆದರೆ ನೀನು ಒಲ್ಲೆ ಎನ್ನುವವನಲ್ಲ.

ಒಂದು ಚಿಂತೆ ಇದೆ. ಮೊನ್ನೆ ಮಕ್ಕಳನ್ನು ಆ ಬಯಲಿಗೆ ಕರೆದೊಯ್ದು ಕುಣಿಸಿದೆ. ಒಂದು ಕಡೆ ಕುಣಿದಾಗ ನೆಲ ಗುಂಯ್ ಎಂದಿತು. ನಾನು ಒನಕೆ ತಂದು ಕುಟ್ಟಿ ನೋಡಿದೆ. ಬೇರೆ ಕಡೆ ದಬ್ ದಬ್, ಅಲ್ಲಿ ಮಾತ್ರ ಗುಂಯ್. ಒಳಗೆ ಟೊಳ್ಳಿದೆ. ಮುದುಕಿ ಯಂಕಮ್ಮ "ಅದು ಬಾವಿಬೇ, ನನ್ನ ಮದಿವ್ಯಾಗ ಮುಚ್ಚ್ಯಾರ" ಎನ್ನುತ್ತಾಳೆ. ಇನ್ನೊಬ್ಬರು ಗೋರಿ ಎನ್ನುತ್ತಾರೆ. ಫೆಬ್ರವರಿಯಲ್ಲಿ ಎಂಜಿನಿಯರ್ ಬಂದು ಸುಣ್ಣದ ಗೆರೆ ಹಾಕುತ್ತಾರೆ. ಟೊಳ್ಳು ಜಾಗ ಎಂದು ಈಗಲೇ ಹೇಳಿದರೆ ಕೋಣೆ ಪಾಮನಕಲ್ಲೂರಿಗೆ ಹೋಗುತ್ತದೆ, ಅವರೂ ಕೇಳಿ ಕುಳಿತಿದ್ದಾರೆ. ಹೇಳದೆ ಬಿಟ್ಟರೆ ಮಕ್ಕಳ ಮೇಲೆ ಗೋಡೆ ಬೀಳಬಹುದು. ಎರಡೂ ನನ್ನಿಂದಾಗದು.

ನೀನು ಕಾಲುವೆ ಕಚೇರಿಯಲ್ಲಿ ನಕಾಶೆ ಬರೆಯುವವನು. ಸಿಂಧನೂರಿನಿಂದ ಮಸ್ಕಿಗೆ ಒಂದು ತಾಸಿನ ದಾರಿ, ಅಲ್ಲಿಂದ ನಮ್ಮೂರು ಹತ್ತಿರ. ಒಂದು ಐತವಾರ ಬಂದು ನೋಡಿ ಹೋಗು.

ನಿನ್ನ ಅಕ್ಕ,
ಆದೆಮ್ಮ


ಸಿಂಧನೂರು
25 ಅಕ್ಟೋಬರ್ 1988

ಅಕ್ಕನಿಗೆ ಅಂಬಪ್ಪನ ನಮಸ್ಕಾರ.

ಜಾಗ ಕೊಟ್ಟದ್ದು ಸರಿಯಾಯಿತು. ಕೇಳುವ ಅಗತ್ಯವೇ ಇರಲಿಲ್ಲ.

ನನಗೆ ಈಗ ಬರಲಾಗುವುದಿಲ್ಲ. ಭತ್ತಕ್ಕೆ ನೀರು ಬಿಡುವ ಕಾಲ, ಕಚೇರಿಯಲ್ಲಿ ರಜೆ ಇಲ್ಲ. ಆದರೆ ನಾನು ಬರಬೇಕೆಂದೇನೂ ಇಲ್ಲ. ಕಾಣದ ವಸ್ತುವಿನ ಆಕಾರ ತಿಳಿಯಲು ಅದನ್ನು ನೋಡಲೇಬೇಕಾಗಿಲ್ಲ, ಮುಟ್ಟಿದರೆ ಸಾಕು. ಒಂದು ಕಡೆ ಮುಟ್ಟಿದರೆ ಏನೂ ತಿಳಿಯದು. ನೂರು ಕಡೆ ಮುಟ್ಟಿದರೆ ಎಲ್ಲ ತಿಳಿಯುತ್ತದೆ.

ಹೀಗೆ ಮಾಡು. ಆರೂವರೆ ಮೊಳದ ಒಂದು ಕಬ್ಬಿಣದ ಸಲಾಕೆ ಹುಡುಕು, ತುದಿ ಚೂಪಾಗಿರಲಿ. ನೆಲ ಹಸಿ ಇರುವಾಗಲೇ ಸದ್ದು ಬರುವ ಜಾಗದ ಸುತ್ತ ಮೊಳಕ್ಕೊಂದು ಗೂಟ ನೆಡು. ಪ್ರತಿ ಗೂಟದಲ್ಲಿ ಸಲಾಕೆ ನೆಟ್ಟಗೆ ಹೊಡೆಸು. ಟೊಳ್ಳು ಇದ್ದರೆ ಒಂದು ಹಂತದಲ್ಲಿ ಅದು ಸರಕ್ಕನೆ ಇಳಿಯುತ್ತದೆ. ಅದು ಟೊಳ್ಳಿನ ಮೇಲಿನ ಮೈ. ಆಮೇಲೆ ಠಣ್ ಎಂದು ನಿಲ್ಲುತ್ತದೆ, ಅದು ತಳ. ಎರಡೂ ಆಳವನ್ನು ಗೇಣಿನಲ್ಲಿ ಅಳೆದು ಬರೆ. ಅಂಕಿಗಳನ್ನು ಬಿಡಿಬಿಡಿಯಾಗಿ, ಯಾರಿಗಾದರೂ ಓದಲು ಬರುವಂತೆ ಬರೆ.

ಈ ಪತ್ರ ಟೈಪಾಗಿದೆ ಎಂದು ಬೇಸರಿಸಬೇಡ. ಕಚೇರಿಗೆ ಕನ್ನಡ ಟೈಪ್‌ರೈಟರ್ ಬಂದಿದೆ, ಕೈ ಪಳಗಲಿ ಎಂದು ಇದರಲ್ಲೇ ಬರೆಯುತ್ತಿದ್ದೇನೆ.

ಅಂಬಪ್ಪ


ಸಂತೆಕಲ್ಲೂರು
13 ನವೆಂಬರ್ 1988

ಅಂಬಪ್ಪ,

ನಿನ್ನ ಟೈಪಿನ ಕಾಗದ ನೋಡಿ ನಿನ್ನ ಮಾವ ಅಂಗಿ ಹಾಕಿಕೊಂಡು ನಿಂತರು, ಕೋರ್ಟಿನಿಂದ ಬಂದಿದೆ ಎಂದು. ನಿನ್ನ ಅಕ್ಷರ ನೋಡಿದರೆ ನಿನ್ನ ಮುಖ ನೋಡಿದಂತಿರುತ್ತಿತ್ತು. ಇರಲಿ, ನೌಕರಿಯವರು.

ಸಲಾಕೆ ಸಿಕ್ಕಿತು. ಮಸ್ಕಿಯ ಗುಜರಿ ಬಾಬುಸಾಬ್ ಹತ್ತಿರ ಹಟ್ಟಿ ಗಣಿಯಿಂದ ಬಂದ ಹಳೆಯ ಸರಳು ಇತ್ತು. ತುದಿ ಕಾಸಿ ಚೂಪು ಮಾಡಿ ಕೊಟ್ಟ. ನಿನ್ನ ಮಾವ ಸುತ್ತಿಗೆ ಹಿಡಿದರು. ಮೂರನೇ ಗೂಟಕ್ಕೆ ಮೊಣಕಾಲು ಬಂತು. ಐದನೆಯದಕ್ಕೆ ಸಲಾಕೆ ಸರಕ್ಕನೆ ಇಳಿದು ಅವರೂ ಅದರ ಜೊತೆ ಮುಂದಕ್ಕೆ ಮುಗ್ಗರಿಸಿದರು. "ಏ ಇವನವ್ವನ, ಪಾತಾಳ ಐತೆಲೇ ಇಲ್ಲಿ!" ಎಂದು ಕೂಗಿದ್ದಕ್ಕೆ ಓಣಿಯೆಲ್ಲ ಕೂಡಿತು. ಕುರಿಗೆ ಕೊಟ್ಟಿಗೆ ಕಟ್ಟಬೇಕು, ಗೂಟಕ್ಕೆ ಜಾಗ ನೋಡುತ್ತಿದ್ದೇವೆ ಎಂದೆ. ಯಾರೂ ನಂಬಿದಂತೆ ಕಾಣಲಿಲ್ಲ.

ಹನ್ನೆರಡು ಕಡೆ ಹೊಡೆದೆವು, ಅಂಕಿ ಹಿಂದಿನ ಪುಟದಲ್ಲಿದೆ. ನಡುವೆ ಮೇಲಿನ ಮೈ ಮೂರು ಗೇಣಿಗೆ ಸಿಕ್ಕಿತು, ತಳ ಹನ್ನೊಂದಕ್ಕೆ.

ಮಕ್ಕಳಿಗೆ ಈಗ ಅಕ್ಷರ ಕಲಿಸುತ್ತಿದ್ದೇನೆ. ರಟ್ಟಿನ ಮೇಲೆ ಗೋಂದಿನಿಂದ ಬರೆದು ಮೇಲೆ ಹಳ್ಳದ ಮರಳು ಉದುರಿಸುತ್ತೇನೆ. ಒಣಗಿದ ಮೇಲೆ ಅವರು ಬೆರಳಾಡಿಸಿ ಆಡಿಸಿ ಕಲಿಯುತ್ತಾರೆ. ಬಳಪ ಹಿಡಿಯಲು ಬಾರದ ಕೂಸುಗಳೂ ಅ, ಆ ಗುರುತು ಹಿಡಿಯುತ್ತವೆ. ಅಂಬಪ್ಪ, ನನಗೆ ದೇವರು ಮಕ್ಕಳನ್ನು ಕೊಡಲಿಲ್ಲ. ಇವಕ್ಕೊಂದು ಗಟ್ಟಿ ಸೂರು ಮಾಡಿದರೆ ನನ್ನ ಜೀವಕ್ಕೆ ಅಷ್ಟೇ ಸಾಕು.

ಆದೆಮ್ಮ


ಸಿಂಧನೂರು
24 ನವೆಂಬರ್ 1988

ಅಕ್ಕಾ,

ಮಾವ ಪಾತಾಳಕ್ಕೆ ಮುಗ್ಗರಿಸಿದ್ದನ್ನು ಕೇಳಿ ಗೌಸ್‌ಸಾಬ್ ಬಹಳ ನಕ್ಕ. ಅವನು ನಮ್ಮ ಕಚೇರಿಯ ಜವಾನ, ಪಕ್ಕದ ಮನೆಯಲ್ಲೇ ಇರುತ್ತಾನೆ. ಅವನ ಹೆಂಡತಿ ಮುನ್ನಿಬೀ ಈಗ ನನಗೂ ಎರಡು ರೊಟ್ಟಿ ಬಡಿಯುತ್ತಾಳೆ.

ಹನ್ನೆರಡು ಸಾಲದು. ಈ ಹನ್ನೆರಡರಿಂದ ಅದು ಬಾವಿಯೂ ಆಗಬಹುದು, ಗೋರಿಯೂ ಆಗಬಹುದು, ಬೇರೆ ಏನಾದರೂ ಆಗಬಹುದು. ಬಾವಿಯಾದರೆ ಮೇಲಿಂದ ಕೆಳಗಿನವರೆಗೆ ಒಂದೇ ಅಗಲ. ಗೋರಿಯಾದರೆ ಉದ್ದ. ಅಂಚು ಎಲ್ಲಿ ಮುಗಿಯುತ್ತದೆ ಎಂಬುದೇ ಮುಖ್ಯ, ನಡುವಿನದಲ್ಲ. ಏಳು ಗೂಟದ ಒಂಬತ್ತು ಸಾಲು ಮಾಡು. ಟೊಳ್ಳು ಸಿಗದ ಕಡೆಯೂ ಬರೆ. ಅಲ್ಲಿ ಗಟ್ಟಿ ಇದೆ ಎನ್ನುವುದೂ ನಮಗೆ ಬೇಕು.

ಮಾವನ ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚು.

ಅಂಬಪ್ಪ


ಸಂತೆಕಲ್ಲೂರು
18 ಡಿಸೆಂಬರ್ 1988

ಅಂಬಪ್ಪ,

ಅರವತ್ಮೂರು ಗೂಟ ಮುಗಿದವು. ಅಂಕಿಗಳನ್ನು ಬೇರೆ ಹಾಳೆಯಲ್ಲಿ ಸಾಲು ಸಾಲಾಗಿ ಬರೆದಿದ್ದೇನೆ. ನಡುವೆ ಐದು ದಿನ ಲಿಂಗಸೂಗೂರಿನಲ್ಲಿ ನಮಗೆ ತರಬೇತಿ ಇತ್ತು, ಆದರೂ ಕೆಲಸ ನಿಲ್ಲಲಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಗೌಸ್‌ಸಾಬ್ "ಕೇಳಿ" ನಕ್ಕ ಎಂದು ಬರೆದಿದ್ದೀಯ. ಅಕ್ಕ ಬರೆದ ಪತ್ರವನ್ನು ಕಚೇರಿಯಲ್ಲಿ ನಾಲ್ಕು ಜನರ ನಡುವೆ ಓದಿ ನಗುತ್ತೀರೋ? ಮಕ್ಕಳಿಲ್ಲ ಎಂದು ನಾನು ಬರೆದದ್ದನ್ನೂ ಓದಿದಿರೋ? ನಾನು ಅದನ್ನು ನಿನಗೆ ಬರೆದದ್ದು.

ಇದರ ಜೊತೆ ಜಾಗದ ಒಪ್ಪಿಗೆ ಕಾಗದ ಇಟ್ಟಿದ್ದೇನೆ. ನನ್ನ ಸಹಿ ಆಗಿದೆ, ಕೆಳಗೆ ನಿನ್ನದು ಹಾಕಿ ಕಳಿಸು. ನಕಾಶೆಯನ್ನೂ ಕಳಿಸು. ಎರಡು ತಿಂಗಳಿಂದ ಬರೀ ಅಂಕಿ ಕೇಳುತ್ತೀಯ, ಒಂದು ಗೆರೆ ಎಳೆದು ಕಳಿಸಿಲ್ಲ. ಊರವರಿಗೆ ಕಾಲುವೆಯ ನಕಾಶೆ ಬರೆದುಕೊಡುತ್ತೀಯ, ಅಕ್ಕನಿಗೆ ಒಂದು ಗುಂಡಗಿನ ಗೆರೆ ಬರೆಯಲು ಎಷ್ಟು ಹೊತ್ತು ಬೇಕು?

ನಾನೇ ಒಂದು ದಿನ ಬಂದುಬಿಡಲೇ?

ಆದೆಮ್ಮ


ಸಿಂಧನೂರು
2 ಜನವರಿ 1989

ಅಕ್ಕಾ,

ನೀನು ಬರಬೇಡ. ಕಚೇರಿಯಲ್ಲಿ ತಪಾಸಣೆ ಇದೆ, ನಾನು ಮುಕ್ಕುಂದದ ಕಡೆ ಕ್ಯಾಂಪಿನಲ್ಲಿರುತ್ತೇನೆ. ನಿನ್ನ ಪತ್ರವನ್ನು ನಾಲ್ಕು ಜನರ ನಡುವೆ ಓದಿಲ್ಲ, ನಕ್ಕದ್ದು ಮಾವ ಮುಗ್ಗರಿಸಿದ್ದಕ್ಕಷ್ಟೇ. ಗೌಸ್‌ಸಾಬ್ ಬೇರೆಯವರ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಮನುಷ್ಯ.

ಈಗ ಮುಖ್ಯ ಮಾತು. ನಿನ್ನ ಅರವತ್ಮೂರು ಗೂಟದಲ್ಲಿ ಒಂದು ತಪ್ಪಿದೆ. ಐದನೇ ಸಾಲಿನವರೆಗೆ ಮೈ ನುಣ್ಣಗೆ ಬರುತ್ತದೆ. ಆರನೇ ಸಾಲಿಗೆ ತಳ ಒಮ್ಮೆಲೇ ಒಂದು ಗೇಣು ಮೇಲೆ ಹತ್ತುತ್ತದೆ. ಮೇಲಿನ ಮೈಯೂ ಅದೇ ಸಾಲಿನಲ್ಲಿ ಅರ್ಧ ಗೇಣು ಮೇಲೇರುತ್ತದೆ. ಎಂಟನೇ ಸಾಲಿಗೆ ಎರಡೂ ಮತ್ತೆ ಇಳಿಯುತ್ತವೆ. ಭೂಮಿ ಹಾಗೆ ಮಾಡುವುದಿಲ್ಲ. ಮೇಲಿನ ಅಂಕಿ, ಕೆಳಗಿನ ಅಂಕಿ ಒಟ್ಟಿಗೇ ಕುಗ್ಗಿದರೆ ಬದಲಾದದ್ದು ತಗ್ಗಲ್ಲ, ಅಳೆದ ಕೈ. ದೊಡ್ಡ ಗೇಣಿಗೆ ಅಂಕಿ ಕಡಿಮೆ ಬೀಳುತ್ತದೆ.

ಆರು ಮತ್ತು ಏಳನೇ ಸಾಲು ಅಳೆದವರು ಯಾರು? ನೀನಲ್ಲ. ನಿನ್ನ ಗೇಣು ನನಗೆ ಗೊತ್ತು. ಶಾಲೆಗೆ ಹೋಗುವಾಗ ಅಂಗಿ ಹೊಲಿಸಲು ನನ್ನ ಬೆನ್ನ ಮೇಲೆ ಅದೆಷ್ಟು ಸಲ ಅಳೆದಿದ್ದೀಯ, ಹೆಗಲಿನಿಂದ ಹೆಗಲಿಗೆ ಒಂದೂವರೆ ಗೇಣು.

ಎರಡು ದಾರ ಕಳಿಸು. ಒಂದು ನಿನ್ನ ಮೊಳದ್ದು, ಅಂದರೆ ಎರಡು ಗೇಣಿನದ್ದು, ಇನ್ನೊಂದು ಅಳೆದವರ ಮೊಳದ್ದು. ಯಾವುದು ಯಾರದೆಂದು ಬಣ್ಣದಲ್ಲಿ ಗುರುತು ಬೇಡ, ಗಂಟು ಹಾಕು. ನಿನ್ನದಕ್ಕೆ ಒಂದು ಗಂಟು, ಅವರದಕ್ಕೆ ಎರಡು.

ಒಪ್ಪಿಗೆ ಕಾಗದ ಇದರ ಜೊತೆ ಇದೆ.

ಅಂಬಪ್ಪ


ಸಂತೆಕಲ್ಲೂರು
9 ಜನವರಿ 1989

ಅಂಬಪ್ಪ,

ಕಾಗದ ಬಂತು. ಪಂಚಾಯಿತಿಯಲ್ಲಿ ನಾಲ್ಕು ಜನರ ಮುಂದೆ ಬಿಚ್ಚಿದೆ. ನಿನ್ನ ಹೆಸರಿನ ಮೇಲೆ ಹೆಬ್ಬಟ್ಟು!

ಸೆಕ್ರೆಟರಿ ನನ್ನ ಮುಖ ನೋಡಿದರು. "ಏನಮ್ಮಾ, ನಿಮ್ಮ ತಮ್ಮ ಡಿಪ್ಲೊಮಾ ಓದ್ಯಾನ ಅಂತೀರಿ, ಹೆಬ್ಬಟ್ಟು ಯಾಕ ಒತ್ತ್ಯಾನ? ನಾಳೆ ನಂದಲ್ಲ ಅಂದ್ರ?" ಎಂದರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕಾಗಿತ್ತು. ಆ ಟೊಳ್ಳು ಅಲ್ಲೇ ಇತ್ತು, ನಾಲ್ಕು ಹೆಜ್ಜೆ ದೂರ.

ಅವ್ವ ಸತ್ತಾಗ ನೀನು ಎಂಟು ವರ್ಷದವನು. ನಾನು ಏಳನೇ ತರಗತಿಗೆ ಸಾಲಿ ಬಿಟ್ಟು ನಿನ್ನನ್ನು ಓದಿಸಿದ್ದು ನೀನು ಸಹಿ ಮಾಡಲಿ ಎಂದು. ಜಾಗ ಕೊಡಲು ಮನಸ್ಸಿಲ್ಲದಿದ್ದರೆ ಇಲ್ಲ ಅನ್ನಬೇಕಿತ್ತು. ಅಡ್ಡ ಗೋಡೆಯ ಮೇಲೆ ದೀಪ ಇಟ್ಟಂತೆ ಯಾಕೆ ಮಾಡಿದೆ? ಬರುವುದಿಲ್ಲ, ಬಾ ಅನ್ನುವುದಿಲ್ಲ, ಕೈಯಿಂದ ಎರಡು ಸಾಲು ಬರೆಯುವುದಿಲ್ಲ, ಗೆರೆ ಎಳೆಯುವುದಿಲ್ಲ. ಈಗ ಸಹಿಯನ್ನೂ ಹಾಕಲಿಲ್ಲ.

ಆರು, ಏಳು ಸಾಲು ನಿನ್ನ ಮಾವ ಅಳೆದದ್ದು, ನಾನು ತರಬೇತಿಗೆ ಹೋದಾಗ. ಹೇಳಲಿಲ್ಲ, ನನ್ನದೇ ತಪ್ಪು. ಅಂಕಿ ಎಂದರೆ ಅಂಕಿ ಎಂದುಕೊಂಡಿದ್ದೆ. ಎಲ್ಲಿ ಕುಳಿತು ಹೇಗೆ ಕಂಡುಹಿಡಿದೆಯೋ, ಇಷ್ಟು ತಿಳಿಯುವವನಿಗೆ ಅಕ್ಕನ ಮನಸ್ಸು ತಿಳಿಯಲಿಲ್ಲ.

ದಾರ ಕಳಿಸಿದ್ದೇನೆ, ಗಂಟೂ ಹಾಕಿದ್ದೇನೆ. ಎಂಜಿನಿಯರ್ ಫೆಬ್ರವರಿ ಆರಕ್ಕೆ ಬರುತ್ತಾರೆ. ನೀನು ಏನೂ ಕಳಿಸದಿದ್ದರೆ ನಾನೇ ಬಾಯಿಬಿಟ್ಟು ಟೊಳ್ಳಿದೆ ಎಂದು ಹೇಳುತ್ತೇನೆ. ಕೋಣೆ ಪಾಮನಕಲ್ಲೂರಿಗೆ ಹೋದರೆ ಹೋಗಲಿ.

ಆದೆಮ್ಮ


ಸಿಂಧನೂರು
28 ಜನವರಿ 1989

ಅಕ್ಕಾ,

ಈ ಪತ್ರವನ್ನೂ ಒಂದು ಡಬ್ಬವನ್ನೂ ಲಿಂಗಸೂಗೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ. ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಬಾಬುಸಾಬ್ ಇಳಿಸಿಕೊಳ್ಳುತ್ತಾನೆ. ಡಬ್ಬ ಅಲುಗಾಡಿಸದೆ ತೆಗೆ, ಒಳಗೆ ಮಣ್ಣಿದೆ.

ನಕಾಶೆ ಬರೆದಿಲ್ಲ. ಅದಕ್ಕಿಂತ ಒಳ್ಳೆಯದು ಮಾಡಿದ್ದೇನೆ. ದರ್ಗಾದಲ್ಲಿ ಉರಿದು ಉಳಿದ ಊದಿನಕಡ್ಡಿಗಳನ್ನು ಗೌಸ್‌ಸಾಬ್ ಆರಿಸಿ ತಂದ. ನಿನ್ನ ಒಂದು ಗೇಣಿಗೆ ನನ್ನ ಒಂದು ಬೆರಳಗಲ ಎಂದು ಲೆಕ್ಕ. ಒಂದೊಂದು ಗೂಟಕ್ಕೆ ಒಂದೊಂದು ಕಡ್ಡಿ ನೆಟ್ಟು, ಮೇಲಿನ ಮೈಗೊಂದು, ತಳಕ್ಕೊಂದು ದಾರ ಸುತ್ತಿದೆ. ಮಾವ ಅಳೆದ ಎರಡು ಸಾಲನ್ನು, ನೀನು ಕಳಿಸಿದ ಎರಡು ದಾರ ಪಕ್ಕಪಕ್ಕ ಹಿಡಿದು ನಿನ್ನ ಮೊಳಕ್ಕೆ ತಿರುಗಿಸಿದೆ. ಆಮೇಲೆ ಎರಡು ದಾರದ ನಡುವೆ ಕಾಲುವೆಯ ಜೇಡಿಮಣ್ಣು ತುಂಬಿದೆ. ಅಂದರೆ ನೆಲದೊಳಗಿನ ಖಾಲಿಯನ್ನೇ ಗಟ್ಟಿ ಮಾಡಿ ಕಳಿಸಿದ್ದೇನೆ.

ಆರನೇ ಸಾಲಿನಲ್ಲಿ ಎದ್ದಿದ್ದ ಮೆಟ್ಟಿಲು ಹೋಯಿತು, ಈಗ ಮೈ ನುಣ್ಣಗಿದೆ. ಕೈಯಾಡಿಸಿದರೆ ಗೊತ್ತಾಗುತ್ತದೆ. ಬಾವಿಯಲ್ಲ, ಗೋರಿಯಲ್ಲ. ಮೇಲೆ ಸಣ್ಣ ಕೊರಳು, ಕೆಳಗೆ ದೊಡ್ಡ ಹೊಟ್ಟೆ. ಅದು ಹಗೇವು ಅಕ್ಕಾ, ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದ ಕಣಜ. ಹೊಟ್ಟೆ ಪೂರ್ವಕ್ಕೆ ವಾಲಿದೆ. ಪಶ್ಚಿಮಕ್ಕೆ ಅಗೆಯುವಾಗ ಬಂಡೆ ಸಿಕ್ಕಿರಬೇಕು, ಅದಕ್ಕೇ ಆ ಕಡೆ ಚಪ್ಪಟೆ. ಮೂರನೇ ಸಾಲಿನ ನಾಲ್ಕನೇ ಗೂಟದ ಕೆಳಗೆ ಬಾಯಿ ಮುಚ್ಚಿದ ಕಲ್ಲು ಸಿಗುತ್ತದೆ. ಕೋಣೆಯನ್ನು ಪೂರ್ವಕ್ಕೆ ಕಟ್ಟಿದರೆ ಗೋಡೆ ಹೊಟ್ಟೆಯ ಮೇಲೆ ಕೂಡುತ್ತದೆ. ಐದು ಮೊಳ ಪಶ್ಚಿಮಕ್ಕೆ ಸರಿಸಿದರೆ ಬಂಡೆಯ ಮೇಲೆ ಕೂಡುತ್ತದೆ. ಇದನ್ನು ಎಂಜಿನಿಯರಿಗೆ ತೋರಿಸು, ಏನೂ ಮುಚ್ಚಿಡಬೇಡ. ಜಾಗ ಗೊತ್ತಿರುವ ಟೊಳ್ಳಿಗೆ ಯಾರೂ ಹೆದರುವುದಿಲ್ಲ.

ಬಾಯಿ ತೆರೆದರೆ ಯಾರೂ ಕೂಡಲೇ ಇಳಿಯಬಾರದು. ಮೊದಲು ಕಂದೀಲು ಇಳಿಬಿಡಿ, ಒಳಗೆ ಕೆಟ್ಟ ಗಾಳಿ ಇದ್ದರೆ ಅದು ಆರುತ್ತದೆ.

ಹೆಬ್ಬಟ್ಟಿನ ಬಗ್ಗೆ ಸೆಕ್ರೆಟರಿಯವರಿಗೆ ಬೇರೆ ಕಾಗದ ಇಟ್ಟಿದ್ದೇನೆ, ನಮ್ಮ ಕಚೇರಿಯ ಸಾಹೇಬರ ಸಹಿ, ಮೊಹರು ಇದೆ. ಜಾಗ ನಾನು ಮನಸಾರೆ ಕೊಟ್ಟಿದ್ದೇನೆ. ಇಷ್ಟನ್ನು ನಂಬು.

ಅಂಬಪ್ಪ


ಸಂತೆಕಲ್ಲೂರು
12 ಫೆಬ್ರವರಿ 1989

ಅಂಬಪ್ಪ,

ಮೊದಲು ಕೆಲಸದ ಮಾತು. ಎಂಜಿನಿಯರ್ ಸಾಹೇಬರು ನಿನ್ನ ಮಣ್ಣಿನ ಮುದ್ದೆ ನೋಡಿ, "ಏನಮ್ಮಾ ಇದು, ಕುಂಬಳಕಾಯಿ?" ಎಂದು ನಕ್ಕರು. ನಾನು ಮೂರನೇ ಸಾಲಿನ ನಾಲ್ಕನೇ ಗೂಟದ ಹತ್ತಿರ ನಿಂತು ಇಲ್ಲೇ ಅಗೆಯಿರಿ ಎಂದೆ. ಒಂದೂವರೆ ಗೇಣಿಗೆ ಕಲ್ಲು ಠಣ್ ಎಂದಿತು. ಸಾಹೇಬರ ನಗು ನಿಂತಿತು. ಯಂಕಮ್ಮ "ನಾ ಹೇಳಿದ್ದಿಲ್ಲೇನು, ಹಗೇವು ಅಂತ!" ಎಂದಳು. ಅವಳು ಹೇಳಿದ್ದು ಬಾವಿ, ಇರಲಿ.

ಕಲ್ಲು ಸರಿಸಿ ನಿನ್ನ ಮಾವ ಕಂದೀಲು ಇಳಿಬಿಟ್ಟರು. ಎರಡು ಮೊಳಕ್ಕೇ ಪಕ್ಕನೆ ಆರಿತು. ಎಲ್ಲರೂ ಹಿಂದೆ ಸರಿದರು. ಮರುದಿನ ಮಧ್ಯಾಹ್ನ ಮತ್ತೆ ಇಳಿಬಿಟ್ಟಾಗ ತಳದವರೆಗೂ ಉರಿಯಿತು. ಒಳಗೆ ಕರ್ರಗಾದ ಜೋಳದ ಹೊಟ್ಟು, ಗೋಡೆಗೆ ಒತ್ತಿದ ಹುಲ್ಲು. ಹೊಟ್ಟೆ ಪೂರ್ವಕ್ಕೇ ವಾಲಿತ್ತು, ಪಶ್ಚಿಮಕ್ಕೆ ಬಂಡೆ. ಸಾಹೇಬರು ಟೇಪು ಹಿಡಿದು ಅಳೆದು ಅಳೆದು ನಿನ್ನ ಮುದ್ದೆಗೆ ಹೋಲಿಸಿದರು. ಕೋಣೆ ಐದು ಮೊಳ ಪಶ್ಚಿಮಕ್ಕೆ ಸರಿಯಿತು. ಗೆರೆ ಬಿದ್ದಿದೆ. ಹಗೇವಿಗೆ ಕಲ್ಲು, ಮೊರಂ ಮಣ್ಣು ತುಂಬಿಸುತ್ತಾರೆ. ಕೋಣೆ ನಮ್ಮದೇ.

ಇನ್ನು ಪುಸ್ತಕದ ಭಾಷೆ ಸಾಕು.

ಡಬ್ಬಿ ಬಂದ ದಿನ ಮಕ್ಕಳ ನಡುವ ಕುಂತು ಬಿಚ್ಚಿದ್ನಿ. ನೀ ಮೆಟ್ಟಿಲು ಹೋಯ್ತು ಅಂದಿದ್ದಿ, ಎಲ್ಲಿತ್ತು ನೋಡಮು ಅಂತ ಹುಡುಕಿದ್ನಿ. ಕಣ್ಣಿಗೆ ಏನೂ ತಿಳೀಲಿಲ್ಲ. ಕಣ್ಣು ಮುಚ್ಚಿ ಅಂಗೈ ಆಡಿಸಿದ್ನಿ. ಅವಾಗ ಸಿಕ್ತು, ಆರನೇ ಸಾಲಿನ್ಯಾಗ ನೀ ತಿದ್ದಿದ ಜಾಗಾ, ಎಳ್ಳಷ್ಟು. ಕಣ್ಣು ಬಿಟ್ರ ಇಲ್ಲ, ಮುಚ್ಚಿದ್ರ ಐತಿ. ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

ಇಡೀ ಮುದ್ದಿ ಮ್ಯಾಲ ಒಂದು ಪೆನ್ಸಿಲ್ ಗೀರಿಲ್ಲ. ಸಾಲಿನ ನಂಬರಿಗೆ ಅಂಕಿ ಇಲ್ಲ, ಬರೇ ಗಂಟು. ನಿನ್ನ ಪತ್ರ ಎಲ್ಲಾ ತಗದು ಸಾಲಾಗಿ ಇಟ್ಟುಕೊಂಡ್ನಿ, ನೀನೇ ಕಲಿಸಿದಂಗ. ಟೈಪಿನ ಅಕ್ಷರ. ಗೌಸ್‌ಸಾಬ್ ಕೇಳಿ ನಕ್ಕಿದ್ದು. ಬಣ್ಣ ಬ್ಯಾಡ ಗಂಟು ಹಾಕು ಅಂದಿದ್ದು. ಹೆಬ್ಬಟ್ಟು. ಹೋದ ಯುಗಾದಿಗೆ ಬಂದಾಗ ಹೊಸ್ತಿಲು ಎಡವಿ ಬಿದ್ದು, ಹೊಸಾ ಚಪ್ಪಲಿ ಅಂತ ನಕ್ಕಿದ್ದು. ಒಂದೊಂದೇ ತಾಗಿದವು. ಒಂದೊಂದು ಕಡೆ ಸಲಾಕಿ ಸರಕ್ಕನ ಒಳಗ ಇಳೀತು.

ಅಂಬಪ್ಪ, ನಿನಗ ಕಣ್ಣು ಕಾಣಂಗಿಲ್ಲ.

ಎಷ್ಟು ದಿನ ಆತು? ಹೇಳಬಾರದೇನು? ಕಣ್ಣು ಕಾಣದಾಂವಗ ನಕಾಶೆ ಬರೀಲಿಲ್ಲ ಅಂತ ಬೈದ್ನಲ್ಲೋ. ಜಾಗದ ಆಸೆ ಅಂದ್ನಲ್ಲೋ. ನನ್ನ ನಾಲಿಗಿಗೆ ಬೆಂಕಿ ಹಚ್ಚಬೇಕು.

ಈ ಪತ್ರ ಈಗ ಗೌಸ್‌ಸಾಬ್ ಅಣ್ಣಾರು ಓದಾಕತ್ಯಾರ ಅಂತ ಗೊತ್ತೈತಿ. ಅಣ್ಣಾ, ಸಾವಕಾಶ ಓದ್ರಿ. ನಾ ಹಿಂದ ಬರೆದಿದ್ದಕ್ಕ ಮನಸಿನ್ಯಾಗ ಏನೂ ಇಟ್ಟುಕೋಬ್ಯಾಡ್ರಿ. ಮುನ್ನಿಬೀ ಅಕ್ಕಾರ ಕೈಗಿ ನನ್ನ ಶರಣು ಹೇಳ್ರಿ.

ಆದೆಮ್ಮ


ಸಿಂಧನೂರು
20 ಫೆಬ್ರವರಿ 1989

ಅಕ್ಕಾ,

ಗೌಸ್‌ಸಾಬ್ ಸಾವಕಾಶವಾಗಿಯೇ ಓದಿದ. ನಡುವೆ ಒಂದು ಕಡೆ ನಿಂತು ನೀರು ಕುಡಿದು ಬಂದು ಮತ್ತೆ ಓದಿದ.

ಬಲಗಣ್ಣು ಕಳೆದ ಯುಗಾದಿಗಿಂತ ಮೊದಲೇ ಹೋಗಿತ್ತು. ಎಡಗಣ್ಣು ಜುಲೈಗೆ. ಕಣ್ಣಿನ ನರ ಒಣಗಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ರಾಯಚೂರಿನ ಡಾಕ್ಟರು ಹೇಳಿದರು. ಹಗಲಿನಲ್ಲಿ ಬೆಳಕು ಎಲ್ಲಿದೆ ಎಂದಷ್ಟು ತಿಳಿಯುತ್ತದೆ. ಸಹಿ ಗೆರೆಯ ಮೇಲೆ ನಿಲ್ಲುವುದಿಲ್ಲ, ಅದಕ್ಕೇ ಹೆಬ್ಬಟ್ಟು ಒತ್ತಿದೆ. ಸಾಹೇಬರು ಒಳ್ಳೆಯವರು, ನಕಾಶೆಯ ಮೇಜಿನಿಂದ ಎಬ್ಬಿಸಿ ಟೈಪಿನ ಮೇಜಿಗೆ ಕೂಡಿಸಿದರು. ಹಿಂದೆ ಟೈಪಿನ ಪರೀಕ್ಷೆ ಪಾಸಾದವನು ಕೀಲಿ ನೋಡುವುದಿಲ್ಲ, ಬೆರಳಿಗೇ ಗೊತ್ತಿರುತ್ತದೆ.

ನಿನಗೆ ಬರೆಯಬೇಕೆಂದು ಅಕ್ಟೋಬರಿನಲ್ಲಿ ಹಾಳೆ ಏರಿಸಿದ್ದೆ. ಅಷ್ಟರಲ್ಲಿ ನಿನ್ನ ಕೋಣೆಯ ಪತ್ರ ಬಂತು. ನಾನು ಹೇಳಿದ್ದರೆ ನೀನು ಅಂದೇ ಮಕ್ಕಳನ್ನು ಬಿಟ್ಟು, ಕೋಣೆ ಬಿಟ್ಟು ಇಲ್ಲಿ ಬಂದು ಕೂಡುತ್ತಿದ್ದೆ. ನನಗಾಗಿ ಒಮ್ಮೆ ಸಾಲಿ ಬಿಟ್ಟಿದ್ದೀಯ. ಎರಡನೇ ಸಲ ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಇದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ನಾಚಿಕೆಯೂ ಇತ್ತು. ನಮ್ಮ ತಮ್ಮ ನಕಾಶೆ ಬರೆಯುತ್ತಾನೆ ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಮಾತು ಹೇಳುತ್ತೇನೆ. ಆ ಅರವತ್ಮೂರು ಕಡ್ಡಿ ನೆಡುವಾಗ ನನಗೆ ಕಣ್ಣಿನ ನೆನಪೇ ಆಗಲಿಲ್ಲ. ಮೆಟ್ಟಿಲು ಬೆರಳಿಗೆ ತಾಗಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಮುನ್ನಿಬೀ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಏನಾಯಿತೋ ಎಂದು.

ನಾನು ಬರುತ್ತೇನೆ. ಯಾವಾಗ ಎಂದು ಈಗ ಹೇಳಲಾರೆ. ಊರಿಗೆ ಕುರುಡನಾಗಿ ಬರಲು ಇನ್ನೂ ಧೈರ್ಯ ಸಾಲದು. ನೀನೂ ಬಂದು ಎಳೆಯಬೇಡ.

ಅಂಬಪ್ಪ


ಸಂತೆಕಲ್ಲೂರು
30 ಮಾರ್ಚ್ 1989

ಗೌಸ್‌ಸಾಬ್ ಅಣ್ಣಾರಿಗೆ,

ಈ ಚೀಟಿ ನಿಮಗೆ. ನನ್ನ ತಮ್ಮ ಎಳೆಯಬೇಡ ಎಂದಿದ್ದಾನೆ, ಎಳೆಯುವುದಿಲ್ಲ. ಗೋಡೆಗಳು ಎದ್ದಿವೆ, ಮೇಲೆ ಬಂಡೆ ಹಾಸುವುದಷ್ಟೇ ಬಾಕಿ. ಯುಗಾದಿ ಮುಗಿದ ಮೇಲೆ ಮಕ್ಕಳು ಒಳಗೆ ಕೂಡುತ್ತಾರೆ. ಗಟ್ಟಿ ಇದೆ ಎಂದು ಎಂಜಿನಿಯರ್ ಹೇಳಿದ್ದಾರೆ, ಗೌಂಡಿ ಹೇಳಿದ್ದಾನೆ, ಅವನ ಮಾವ ಹೇಳಿದ್ದಾರೆ ಎಂದು ಅವನಿಗೆ ತಿಳಿಸಿ. ನನಗೆ ಅವರ್ಯಾರ ಮಾತೂ ಸಾಲದು. ಅವನು ಬಂದು ನಾಲ್ಕೂ ಗೋಡೆಯ ಮೇಲೆ ಕೈಯಾಡಿಸಿ ಹೂಂ ಅನ್ನುವವರೆಗೆ ಒಂದು ಕೂಸನ್ನೂ ಒಳಗೆ ಬಿಡುವುದಿಲ್ಲ.

ಜೊತೆಗೆ ಒಂದು ರಟ್ಟು ಇದೆ. ದಯಮಾಡಿ ಅದನ್ನು ನೀವು ಓದಿ ಹೇಳಬೇಡಿ, ಅವನ ಕೈಗೆ ಕೊಡಿ.

ಆದೆಮ್ಮ


ಸಿಂಧನೂರು
11 ಏಪ್ರಿಲ್ 1989

ಅಕ್ಕಾ,

ಕೈಯಿಂದ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಬಿಡಿಸಿಕೊಂಡು ಓದು.

ಗೌಸ್‌ಸಾಬ್ ಚೀಟಿ ಓದಿದ. ರಟ್ಟು ಕೈಗೆ ಕೊಟ್ಟು, "ಇದು ನಿಮ್ದು ಸಾಬ್" ಎಂದು ಹೊರಗೆ ಹೋಗಿ ಕುಳಿತ. ಮೊದಲು ಬರೀ ಮರಳು ಸಿಕ್ಕಿತು. ಆಮೇಲೆ ಗ ಸಿಕ್ಕಿತು. ಅದರ ಕೆಳಗಿನ ಒತ್ತು ಬಿಡಿಸಲು ಬಹಳ ಹೊತ್ತಾಯಿತು. ಗ್ವಾಡಿ ಗಟ್ಟಿ ಐತಿ. ಕೊನೆಯ ಅಕ್ಷರಕ್ಕೆ ಮರಳು ದಪ್ಪ ಹಾಕಿದ್ದೀಯ. ಬಾ. ಒಂಬತ್ತು ತಿಂಗಳಲ್ಲಿ ನಾನೇ ಓದಿದ ಮೊದಲ ಪತ್ರ ಇದು. ನಾಲ್ಕು ಸಲ ಓದಿದೆ. ಓದುತ್ತ ಅತ್ತುಬಿಟ್ಟೆ.

ಬರುವ ಐತವಾರ ಮಧ್ಯಾಹ್ನದ ಬಸ್ಸಿಗೆ ಗೌಸ್‌ಸಾಬ್ ಹತ್ತಿಸುತ್ತಾನೆ. ಮಸ್ಕಿಯ ಬಸ್ ಸ್ಟ್ಯಾಂಡಿಗೆ ನೀ ಬಾ ಅಕ್ಕಾ. ನಾ ಒಬ್ಬನೇ ಇಳಿಯಲಾರೆ.

ಅಲ್ಲಿ ಗದ್ದಲ ಇರುತ್ತದೆ, ಕೂಗಬೇಡ. ಸುಮ್ಮನೆ ಕೈ ಕೊಡು. ಗೇಣು ಯಾರದಂತ ನಾ ಹೇಳ್ತೀನಿ.

ಅಂಬಪ್ಪ